ಬಾಡಿಗೆಗೆ ಕೊಡಲು ಫ್ಲ್ಯಾಟ್: ಷೇರಿಗಿಂತ ಒಳ್ಳೆಯ ಹೂಡಿಕೆಯೇ?

ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 80 ಲಕ್ಷ, ತಿಂಗಳಿಗೆ 25 ಸಾವಿರ ಬಾಡಿಗೆ ಎಂದಿಟ್ಟುಕೊಳ್ಳೋಣ. ಇದು ಲೇಸೋ, ಅದೇ ಹಣ ಸೆನ್ಸೆಕ್ಸ್ ಇಂಡೆಕ್ಸ್ ಫಂಡಿನಲ್ಲಿದ್ದರೆ ಲೇಸೋ?

ಪರ

ಫ್ಲ್ಯಾಟೇ ಲೇಸು. ಲಾಭದ ಲೆಕ್ಕ ಹಾಕುವವರು ಹೂಡಿಕೆದಾರರ ಎದೆಬಡಿತವನ್ನು ಮರೆಯುತ್ತಾರೆ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್, 2009ರ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿಗೆ ಕುಸಿದಿತ್ತು. ಆಗ ಹೆದರಿ ಮಾರಿದವರಿಗೆ ಮುಂದಿನ ಏರಿಕೆ ದಕ್ಕಲಿಲ್ಲ. ಮನೆಯ ಬೆಲೆ ದಿನಾ ಟಿವಿಯಲ್ಲಿ ಓಡುವುದಿಲ್ಲ, ಮಾರುವ ಆತುರವೂ ಹುಟ್ಟುವುದಿಲ್ಲ.

ನಿವೃತ್ತರಿಗೆ ತಿಂಗಳು ತಿಂಗಳು ಖಾತೆಗೆ ಬೀಳುವ ಬಾಡಿಗೆ ದೊಡ್ಡ ಧೈರ್ಯ. 11 ತಿಂಗಳ ಕರಾರು ನವೀಕರಿಸುವಾಗ ಶೇ 5ರಷ್ಟು ಏರಿಸುವ ರೂಢಿಯಿದೆ. ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟಕ್ಕೆ ಆದಾಯ ತೆರಿಗೆ ಇಲ್ಲ. ಕೈಯಿಂದ 20 ಲಕ್ಷ ಹಾಕಿ 60 ಲಕ್ಷ ಸಾಲ ಮಾಡಿದರೂ ಪೂರ್ತಿ 80 ಲಕ್ಷದ ಮೇಲಿನ ಬೆಲೆಯೇರಿಕೆ ನಮ್ಮದೇ. ಷೇರು ಕೊಳ್ಳಲು 20 ವರ್ಷದ ಸಾಲ ಯಾವ ಬ್ಯಾಂಕೂ ಕೊಡುವುದಿಲ್ಲ.

ವಿರೋಧ

ಆ ಸಾಲದಿಂದಲೇ ಶುರು ಮಾಡೋಣ. ಶೇ 8.5ರ ಬಡ್ಡಿ ಎಂದರೆ ಮೊದಲ ವರ್ಷ ಸುಮಾರು 5 ಲಕ್ಷ. ವರ್ಷದ ಬಾಡಿಗೆ 3 ಲಕ್ಷ. ಉಳಿದದ್ದನ್ನೂ ಅಸಲನ್ನೂ ಸಂಬಳದಿಂದಲೇ ತುಂಬಬೇಕು. ಸಾಲವಿಲ್ಲದೆ ಕೊಂಡರೂ ಬಾಡಿಗೆಯ ಗಳಿಕೆ ಶೇ 3.75. ಮನೆ ಖಾಲಿ ಬಿದ್ದ ತಿಂಗಳು, ಆಸ್ತಿ ತೆರಿಗೆ, ಬಾಡಿಗೆದಾರ ಬದಲಾದಾಗಿನ ಸುಣ್ಣಬಣ್ಣ, ಸೋರುವ ಬಾತ್‌ರೂಮಿನ ರಿಪೇರಿ ಕಳೆದರೆ ಶೇ 3 ಉಳಿದೀತು. 2025ರಲ್ಲಿ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿದೆ. ಮುದ್ರಾಂಕ ಶುಲ್ಕವೂ ಸೇರಿದರೆ ಕೊಳ್ಳುವ ದಿನವೇ ಸುಮಾರು 6 ಲಕ್ಷ, ಅಂದರೆ ಎರಡು ವರ್ಷದ ಬಾಡಿಗೆ, ಕೈಬಿಡುತ್ತದೆ.

1978–79ನ್ನು 100 ಎಂದು ಎಣಿಸಿದ ಸೆನ್ಸೆಕ್ಸ್ 2024ರ ಜುಲೈಯಲ್ಲಿ 80,000 ದಾಟಿತು. ಲಾಭಾಂಶ ಬಿಟ್ಟೂ ವರ್ಷಕ್ಕೆ ಸುಮಾರು ಶೇ 16ರ ಚಕ್ರಬಡ್ಡಿ. ಮುಂದೆ ಶೇ 12 ಮಾತ್ರ ಸಿಕ್ಕರೂ, ಅದಕ್ಕೆ ಸರಿಗಟ್ಟಲು, ಶೇ 3ರ ಬಾಡಿಗೆಯನ್ನು ಸೇರಿಸಿಕೊಂಡರೂ, ಫ್ಲ್ಯಾಟಿನ ಬೆಲೆ 8 ವರ್ಷಕ್ಕೊಮ್ಮೆ ದುಪ್ಪಟ್ಟಾಗಬೇಕು. ಆದರೆ ಕಟ್ಟಡ ವರ್ಷ ವರ್ಷ ಸವೆಯುತ್ತದೆ. ಬೆಲೆ ಏರುವುದು ನೆಲಕ್ಕೆ, ಅದರಲ್ಲಿ ಫ್ಲ್ಯಾಟಿನವರಿಗಿರುವುದು ಅವಿಭಜಿತ ಸಣ್ಣ ಪಾಲು. ಮಗಳ ಫೀಸಿಗೆ 2 ಲಕ್ಷ ಬೇಕಾದರೆ ಫಂಡಿನಿಂದ ಅಷ್ಟನ್ನೇ ತೆಗೆಯಬಹುದು; ಫ್ಲ್ಯಾಟನ್ನು ಇಡಿಯಾಗಿಯೇ ಮಾರಬೇಕು.

ಷೇರಿನ ಭಯ ನಿಜ. ಅದಕ್ಕೇ ಹತ್ತು ವರ್ಷ ಬೇಕಾಗದ ಹಣವನ್ನಷ್ಟೇ ಅಲ್ಲಿ ಹಾಕಬೇಕು. 2008ರ ಶಿಖರದಲ್ಲೇ ಕೊಂಡು ಸುಮ್ಮನಿದ್ದವರ ಹಣವೂ 2024ರ ಜುಲೈಗೆ 4 ಪಟ್ಟಿನ ಹತ್ತಿರ ಬಂದಿತ್ತು.