ನೆಲದಡಿಯ ಇಂಗಾಲ, ನಗರಗಳ ಬೇಗೆ

ಅಹಮದಾಬಾದಿನ ಹೋಟೆಲುಗಳಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವ ನಮ್ಮವರಿಗೆ ಬೇಸಗೆಯ ವರ್ಣನೆ ಅನಾವಶ್ಯಕ. 2010ರ ಮೇ ತಿಂಗಳಿನಲ್ಲಿ ಆ ನಗರದ ತಾಪ 46.8 ಡಿಗ್ರಿ ಮುಟ್ಟಿತು. ಹಿಂದು ಮುಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದಲ್ಲಿ 1,344 ಸಾವುಗಳು ಅಧಿಕವಾಗಿದ್ದುವೆಂದು ತಜ್ಞರು ಲೆಕ್ಕ ಹಾಕಿರುವರು. ಬಿಸಿಲು ಗುಜರಾತಿಗೆ ಹೊಸತಲ್ಲವಾದರೂ, ಭೂಮಿಯ ತಾಪವು ದಶಕದಿಂದ ದಶಕಕ್ಕೆ ಏರುತ್ತಿರುವುದಕ್ಕೆ ಇಂಗಾಲದ ಜಮಾಖರ್ಚು ತಪ್ಪಿರುವುದೇ ಮುಖ್ಯ ಕಾರಣವಾಗಿದೆ.

ಇಂಗಾಲವು ಸ್ವತಃ ಶತ್ರುವಲ್ಲ. ಇಂಗಾಲಾಮ್ಲ ವಾಯುವನ್ನು, ಅಂದರೆ ಕಾರ್ಬನ್ ಡೈಆಕ್ಸೈಡನ್ನು, ಹೀರಿಯೇ ಪೈರು ಅಕ್ಕಿಯನ್ನೂ ಉದ್ದನ್ನೂ ಕೊಡುತ್ತದೆ. ಉಂಡವರ ಉಸಿರಿನೊಡನೆ ಅದು ಗಾಳಿಗೆ ಮರಳುತ್ತದೆ. ಈ ಲೆಕ್ಕ ಆಗಿಂದಾಗ್ಗೆ ಚುಕ್ತಾ ಆಗುವಂಥದು. ಕಲ್ಲಿದ್ದಲು, ತೈಲಗಳಾದರೋ ಕೋಟ್ಯಂತರ ವರ್ಷಗಳಿಂದ ನೆಲದಡಿ ಕೂಡಿಬಿದ್ದ ಮೂಲಧನ. ಸೂರತ್ತಿಗೂ ವಡೋದರಕ್ಕೂ ನಡುವಣ ಅಂಕಲೇಶ್ವರದಲ್ಲಿ 1960ರಲ್ಲಿ ತೈಲ ದೊರೆಯಿತು. 1965ರಲ್ಲಿ ವಡೋದರದ ಬಳಿ ಕೊಯಲಿಯ ಶುದ್ಧೀಕರಣಾಗಾರ ಕಾರ್ಯಾರಂಭ ಮಾಡಿತು. ಜಗತ್ತಿನೆಲ್ಲೆಡೆ ಇಂಥ ಮೂಲಧನವನ್ನು ಕೆಲವೇ ತಲೆಮಾರುಗಳಲ್ಲಿ ಸುಡಲಾಗುತ್ತಿದೆ. ಹೊರಟ ವಾಯುವಿನಲ್ಲಿ ಸುಮಾರು ಅರ್ಧವನ್ನು ಕಡಲೂ ಸಸ್ಯಗಳೂ ನೆಲವೂ ಹೀರಿಕೊಳ್ಳುತ್ತವೆ; ಉಳಿದುದು ಗಾಳಿಯಲ್ಲಿ ನಿಂತು ಭೂಮಿಯ ಶಾಖವನ್ನು ತಡೆಹಿಡಿಯುತ್ತದೆ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳತೆಗೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ವಾಯು ಸುಮಾರು 315 ಭಾಗವಿದ್ದಿತು. 2024ರಲ್ಲಿ 420ನ್ನು ಮೀರಿತು.

ಪರಿಹಾರದ ದಾರಿಯೊಂದನ್ನು ಸೂರತ್ ತೋರಿಸಿದೆ. 2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯು ಅಲ್ಲಿಯ ಕಾರ್ಖಾನೆಗಳ ಚಿಮಣಿಯ ಧೂಳಿಗೆ ಒಟ್ಟು ಮಿತಿಯನ್ನು ವಿಧಿಸಿ, ಅದರೊಳಗೆ ಪರವಾನೆಗಳನ್ನು ಕೊಂಡು ಮಾರುವ ಪೇಟೆಯನ್ನು ತೆರೆಯಿತು. ಧೂಳು ಶೇಕಡಾ 20ರಿಂದ 30ರಷ್ಟು ಇಳಿಯಿತು. ಶ್ಲಾಘ್ಯವೇ ಸರಿ, ಆದರೆ ಧೂಳನ್ನು ಹಿಡಿಯುವ ಯಂತ್ರ ಇಂಗಾಲಾಮ್ಲ ವಾಯುವನ್ನು ಹಿಡಿಯಲಾರದು. 2023ರಲ್ಲಿ ಕೇಂದ್ರ ಸರ್ಕಾರ ಇಂಗಾಲಕ್ಕೂ ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. ಅದು ಉತ್ಪನ್ನದ ಪ್ರತಿ ಟನ್ನಿಗೆ ಇಷ್ಟೆಂದು ಗುರಿ ನಿಗದಿ ಮಾಡುತ್ತದೆಯೇ ಹೊರತು ಒಟ್ಟು ಮೊತ್ತಕ್ಕೆ ಮಿತಿ ಹಾಕುವುದಿಲ್ಲ. ಉತ್ಪಾದನೆ ಬೆಳೆದಲ್ಲಿ ಒಟ್ಟು ವಾಯುವೂ ಬೆಳೆಯಬಹುದು. ಧೂಳಿಗೆ ವಿಧಿಸಿದ ಒಟ್ಟು ಮಿತಿಯನ್ನು ಇಂಗಾಲಕ್ಕೂ ವಿಧಿಸುವುದು ಅಗತ್ಯ.

ಅಷ್ಟರವರೆಗೆ ಶ್ರಮಜೀವಿಗಳ ರಕ್ಷಣೆಯಾಗಬೇಕು. ಅಹಮದಾಬಾದ್ ನಗರಸಭೆಯು 2013ರಲ್ಲಿ ಮುನ್ನೆಚ್ಚರಿಕೆ, ಕುಡಿಯುವ ನೀರು, ವೈದ್ಯೋಪಚಾರಗಳ ಬೇಗೆ ಯೋಜನೆಯನ್ನು ಜಾರಿಗೆ ತಂದು ಇತರ ನಗರಗಳಿಗೆ ಮೇಲ್ಪಂಕ್ತಿಯಾಯಿತು. ಆದರೆ ಎಚ್ಚರಿಕೆಗೆ ಆಧಾರವಾದ ತಾಪವನ್ನು ಹೊರಗಿನ ನೆರಳಿನಲ್ಲಿ ಅಳೆಯಲಾಗುತ್ತದೆ. ಒಲೆಯ ಮುಂದಿನ ತಾಪ ಆ ಅಂಕಿಯಲ್ಲಿ ಸೇರದು. ಅಡಿಗೆಮನೆಗೆ ಗಾಳಿಯ ಏರ್ಪಾಡು, ಕೈಗೆಟಕುವ ನೀರು, ಮಧ್ಯಾಹ್ನದ ವಿರಾಮ ಇವುಗಳನ್ನು ಮಾಲೀಕರು ಔದಾರ್ಯವೆಂದು ಎಣಿಸದೆ ಕರ್ತವ್ಯವೆಂದು ತಿಳಿಯತಕ್ಕದ್ದು. ಕೆಲಸಗಾರರೂ ಇದನ್ನು ಸಂಕೋಚವಿಲ್ಲದೆ ಒಗ್ಗಟ್ಟಿನಿಂದ ಕೇಳಬೇಕು.