ಬ್ಯಾಟರಿಗೂ ಯಜಮಾನರೇ ಬೇಕೆ?

ಸ್ಕೂಟರು ಓಡಿಸುವ ಹೆಂಗಸರು ನಮ್ಮ ಉಡುಪಿ ಸೀಮೆಯಲ್ಲಿ ಈಗ ಯಾರಿಗೂ ಹೊಸತಲ್ಲ. ಬೆಳಗ್ಗೆ ಎಂಟೂವರೆಗೆ ಕಲ್ಸಂಕದಲ್ಲಿ ನಿಂತು ನೋಡಿ: ಬ್ಯಾಂಕಿನವರು, ನರ್ಸುಗಳು, ನಮ್ಮಂಥ ಟೀಚರುಗಳು, ಮಣಿಪಾಲಕ್ಕೆ ಹೊರಟ ಕಾಲೇಜು ಹುಡುಗಿಯರು, ಎಲ್ಲರೂ ಗಾಡಿಯ ಮೇಲೆಯೇ. ಆದರೆ ಅದೇ ಗಾಡಿ ಒಂದು ದಿನ ಅಂಗಳದಲ್ಲೇ ಮುಷ್ಕರ ಹೂಡಿತೆನ್ನಿ. ಆಗ ನಾವು ತಟ್ಟನೆ ನಮ್ಮ ಅಜ್ಜಿಯರ ಕಾಲಕ್ಕೆ ಹೋಗಿಬಿಡುತ್ತೇವೆ. "ಇವರು ಬರಲಿ", "ಅಣ್ಣ ಬರಲಿ", "ಮಗ ಶನಿವಾರ ಬರ್ತಾನೆ." ಓಡಿಸುವುದು ನಮಗೆ, ಗಾಡಿಯ ಹೊಟ್ಟೆಯೊಳಗಿನ ಸುದ್ದಿ ಗಂಡಸರಿಗೆ ಎಂಬ ಈ ಪಾಲುಪಟ್ಟಿ ಬರೆದವರು ಯಾರು? ನನ್ನ ತಕರಾರು ಇರುವುದು ಅದರ ಮೇಲೆ.

ಆಟಿ ತಿಂಗಳ ಮಳೆಯಲ್ಲಿ ನನ್ನ ಸ್ಕೂಟರಿನ ಬ್ಯಾಟರಿ ಸತ್ತಿತು. ಹೊಸದಕ್ಕೆಂದು ಒಂದು ಅಂಗಡಿಗೆ ಹೋದೆ, ಹೆಸರು ಬೇಡ. "ಇದು ಯಾವ ತಿಂಗಳು ತಯಾರಾದದ್ದು?" ಎಂದು ಕೇಳಿದೆ, ಅಷ್ಟೆ. ಆತ ನಕ್ಕು, "ಯಜಮಾನರನ್ನು ಕಳಿಸಿ ಟೀಚರೇ, ಅವರಿಗಾದರೆ ಹೇಳಿದರೆ ಗೊತ್ತಾಗ್ತದೆ" ಎಂದ. ನಮ್ಮ ಯಜಮಾನರಿಗೆ ಸೈಕಲ್ಲಿನಾಚೆ ಯಾವ ವಾಹನವೂ ಬಾರದು. ಬ್ಯಾಟರಿ ಎಂದರೆ ಅವರಿಗೆ ಟಾರ್ಚು! ನಾನೇ ಪೆಟ್ಟಿಗೆ ತಿರುಗಿಸಿ ನೋಡಿದೆ. ಒಂದೂವರೆ ವರ್ಷ ಹಳೆಯ ಮಾಲು. ಅಲ್ಲೇ ಬಿಟ್ಟು ಬಂದೆ.

ಅಂಗಡಿಯವರನ್ನು ಬೈದರೆ ಅರ್ಧ ನ್ಯಾಯ ಮಾತ್ರ. "ನನಗೆ ಅದೆಲ್ಲ ಗೊತ್ತಾಗುವುದಿಲ್ಲಪ್ಪ" ಎಂದು ಹೇಳಿಕೊಳ್ಳುವುದನ್ನು ನಮ್ಮಲ್ಲಿ ಹಲವರು ಒಂದು ಲಕ್ಷಣವೆಂದೇ ತಿಳಿದಿದ್ದಾರೆ. ಇದೇ ನಾವು ಮಟ್ಟುಗುಳ್ಳ ಕೊಳ್ಳುವಾಗ ತೊಟ್ಟು ನೋಡಿ, ಒತ್ತಿ ನೋಡಿ, ನಿನ್ನೆಯದೋ ಮೊನ್ನೆಯದೋ ಹೇಳಿಬಿಡುತ್ತೇವೆ. ಶಂಕರಪುರ ಮಲ್ಲಿಗೆಗೆ ಅಟ್ಟೆಗೆ ಇಂದು ಎಷ್ಟು ಎಂಬುದು ನಮ್ಮ ನಾಲಗೆಯ ತುದಿಯಲ್ಲಿರುತ್ತದೆ. ಹತ್ತು ರೂಪಾಯಿಯ ಬದನೆಗೆ ಇಷ್ಟು ಪರೀಕ್ಷೆ ಮಾಡುವವರು ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಕಣ್ಣು ಮುಚ್ಚಿ ತರುವುದು ಯಾವ ಜಾಣತನ?

ಇನ್ನೂ ಒಂದು ತಮಾಷೆ ಕೇಳಿ. ಮೊದಲ ಕಾಲದ ಕಾರುಗಳನ್ನು ಎದುರಿಗೆ ನಿಂತು ಕಬ್ಬಿಣದ ಹಿಡಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಅದು ಹಿಂದಕ್ಕೆ ಒದೆದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಹೆಂಗಸರಿಗೆ ಕಾರು ಓಡಿಸುವುದು ಎಷ್ಟೋ ಸುಲಭವಾಯಿತು. ನಮ್ಮ ದೇಶದಲ್ಲೂ 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದು, ಗೇರಿಲ್ಲದೆ, ಕಿಕ್ ಹೊಡೆಯದೆ, ಸೀರೆಯುಟ್ಟವರೂ ಗುಂಡಿ ಒತ್ತಿ ಹೊರಡುವಂತಾಯಿತು. ಆ ಗುಂಡಿಯ ಹಿಂದಿರುವುದು ಬ್ಯಾಟರಿಯೇ. ನಮ್ಮನ್ನು ಹೊಸಿಲು ದಾಟಿಸಿದ ವಸ್ತುವಿನ ಬಗ್ಗೆಯೇ ನಮಗೆ ಏನೂ ತಿಳಿಯಬಾರದೆ?

ತಿಳಿಯುವುದಕ್ಕೆ ದೊಡ್ಡ ವಿದ್ಯೆ ಬೇಡ. ನಾನೂ ಬಿ.ಎ., ಬಿ.ಎಡ್. ಓದಿದವಳೇ ಹೊರತು ಇಂಜಿನಿಯರಲ್ಲ. ಬ್ಯಾಟರಿಯನ್ನು ಪಿಗ್ಮಿ ಖಾತೆಯೆಂದು ತಿಳಿಯಿರಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದ ನಮ್ಮೂರ ಬ್ಯಾಂಕು 1928ರಲ್ಲೇ ಶುರುಮಾಡಿದ ಆ ಪಿಗ್ಮಿ ನಮಗೆಲ್ಲ ಗೊತ್ತು: ದಿನವೂ ಚೂರು ಚೂರು ಕಟ್ಟುವುದು. ಗಾಡಿ ಓಡುವಾಗ ಬ್ಯಾಟರಿಗೆ ಚೂರು ಚೂರು ಜಮೆಯಾಗುತ್ತದೆ. ಸೆಲ್ಫ್ ಒತ್ತಿದಾಗ ಒಮ್ಮೆಗೇ ದೊಡ್ಡ ಮೊತ್ತ ಖರ್ಚಾಗುತ್ತದೆ. ಮನೆಯಿಂದ ಕಾಪು ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಬರೀ ಒಂದೆರಡು ಕಿಲೋಮೀಟರು ಓಡಿಸುವವರ ಖಾತೆಯಲ್ಲಿ ಜಮೆಗಿಂತ ಖರ್ಚೇ ಹೆಚ್ಚಾಗಬಹುದು. ಎಪ್ರಿಲ್, ಮೇ ರಜೆಯಲ್ಲಿ ಗಾಡಿ ನಿಲ್ಲಿಸಿಟ್ಟರೆ ಇದ್ದದ್ದೂ ತಾನಾಗಿ ಕರಗುತ್ತದೆ. ಹಾಗೆ ಬಹಳ ದಿನ ಬಿಟ್ಟರೆ ಒಳಗಿನ ಸೀಸದ ಹಲಗೆಗಳ ಮೇಲೆ ಗಟ್ಟಿ ಪೊರೆ ಕಟ್ಟಿ, ಮತ್ತೆ ಚಾರ್ಜು ಹಿಡಿಯುವುದಿಲ್ಲ.

ಸಾಯುವ ಮೊದಲು ಬ್ಯಾಟರಿ ಸೂಚನೆ ಕೊಡುತ್ತದೆ. ಹಾರ್ನು ನೆಗಡಿ ಹಿಡಿದಂತೆ ಕೂಗುತ್ತದೆ, ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಎನ್ನುತ್ತದೆ. ಆಗಲೂ "ಬದಲಾಯಿಸಿ" ಎಂದವರಿಗೆ ತಕ್ಷಣ ಹಣ ಎಣಿಸಬೇಡಿ, ಮೀಟರು ಇಟ್ಟು ತೋರಿಸಿ ಎನ್ನಿ. ಕೆಲವು ಗಂಟೆ ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ಅಥವಾ ಮೇಲೆ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಬರಿದಾದಂತೆ. ಇಂಜಿನು ಓಡುವಾಗ ಅದು 13.5ರಿಂದ 14.5ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಗಾಡಿಯೇ ಚಾರ್ಜು ಕೊಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೆ ಅದೂ ಸಾಯುತ್ತದೆ. ಏರಿದರೆ ಹಳೆಯದನ್ನೇ ನಿಧಾನವಾಗಿ ಚಾರ್ಜು ಮಾಡಿಸಿ, ಮರುದಿನ ಮತ್ತೆ ಅಳೆಸಿ. ನಿಲ್ಲದಿದ್ದರೆ ಮಾತ್ರ ಬದಲಾಯಿಸಿ. ಸಮುದ್ರದ ಉಪ್ಪುಗಾಳಿಗೆ ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕೂತು ದಾರಿ ಕಟ್ಟಿಕೊಂಡದ್ದೂ ಇರಬಹುದು. ಉಜ್ಜಿ ತೆಗೆದು ವ್ಯಾಸಲಿನ್ ಹಚ್ಚಿದರೆ ಮುಗಿಯಿತು.

ಕೊಳ್ಳಲೇಬೇಕಾದರೆ ಹಳೆಯದರ ಮೇಲಿನ ಅಂಕೆ ಬರೆದುಕೊಳ್ಳಿ: 12 ವೋಲ್ಟ್, ಇಷ್ಟು ಆಂಪಿಯರ್-ಅವರ್. ಅದೇ ಅಂಕೆ, ಅದೇ ಗಾತ್ರ, ಪ್ಲಸ್ ಮೈನಸ್ ಅದೇ ಬದಿಗೆ ಇರಲಿ. ತಯಾರಾಗಿ ಮೂರ್ನಾಲ್ಕು ತಿಂಗಳಿಗಿಂತ ಹೆಚ್ಚಾಗಿರಬಾರದು. ವಾರಂಟಿಯಲ್ಲಿ ಪೂರ್ತಿ ಬದಲಿಸಿ ಕೊಡುವ ಅವಧಿ ಎಷ್ಟು, ಬರೀ ರಿಯಾಯಿತಿಯ ಅವಧಿ ಎಷ್ಟು, ಬಿಡಿಸಿ ಕೇಳಿ. ಬಿಲ್ಲಿನಲ್ಲೂ ಕಾರ್ಡಿನಲ್ಲೂ ತಾರೀಕು, ಮೊಹರು ಇರಲಿ. ಹೊಸ ಗಾಡಿ ಕೊಳ್ಳುವವರು ಕಿಕ್ಕರ್ ಇದೆಯೇ ನೋಡಿ. ಈಚಿನ ಹಲವು ಗಾಡಿಗಳಿಗೆ ಅದನ್ನು ಕೊಡುವುದೇ ಇಲ್ಲ. ಕಾರ್ಕಳದಿಂದ ಬರುತ್ತ ರಾತ್ರಿ ಒಂಟಿಯಾಗಿ ನಿಂತವಳಿಗೆ ಅದರ ಬೆಲೆ ಗೊತ್ತು.

ಇಷ್ಟಾದ ಮೇಲೆ ಬಹುಮಂದಿ ಕೇಳದ ಪ್ರಶ್ನೆ: ಹಳೆಯದು ಎಲ್ಲಿಗೆ ಹೋಗುತ್ತದೆ? ಗುಜರಿಯವನಿಗೆ ಕೊಟ್ಟು ನೂರಿನ್ನೂರು ಪಡೆದರೆ ನಮ್ಮ ಲೆಕ್ಕ ಮುಗಿಯಿತು. ಅಲ್ಲಿಂದ ಮುಂದೆ ಯಾರೋ ಎಲ್ಲೋ ಅದನ್ನು ಒಡೆದು, ಆಸಿಡ್ಡನ್ನು ನೆಲಕ್ಕೆ ಸುರಿದು, ಬಯಲಲ್ಲೇ ಸೀಸ ಕರಗಿಸಬಹುದು. ಮನೆಮನೆಗೂ ಬಾವಿಯಿರುವ ನಮ್ಮ ಜಿಲ್ಲೆಯಲ್ಲಿ ನೆಲಕ್ಕೆ ಸುರಿದದ್ದು ಯಾರ ಕೊಡಪಾನಕ್ಕೆ ಬರುತ್ತದೆ, ಯೋಚಿಸಿ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯ ಪ್ರಕಾರ ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಅಪಾಯದ ಮಟ್ಟದ ಸೀಸವಿದೆ. ನಮ್ಮ ದೇಶದಲ್ಲೇ ಅಂಥ ಮಕ್ಕಳು ಸುಮಾರು 27 ಕೋಟಿ. ಇದಕ್ಕೆ ದೊಡ್ಡ ಕಾರಣಗಳಲ್ಲೊಂದು ಕ್ರಮವಿಲ್ಲದೆ ಒಡೆದು ಕರಗಿಸುವ ಹಳೆಯ ಬ್ಯಾಟರಿ. ಸೀಸ ಮಕ್ಕಳ ಮೆದುಳನ್ನು ಹಾಳುಮಾಡುತ್ತದೆ, ಹಾಳಾದದ್ದು ಮರಳುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಪಾಠ ತಲೆಗೆ ಹತ್ತದ ಮಗುವಿಗೆ "ದಡ್ಡ" ಎನ್ನುವ ಈ ಸಮಾಜ ಆ ತಲೆಗೆ ತಾನೇ ವಿಷ ಉಣಿಸುತ್ತಿದೆಯಲ್ಲ ಎಂದು ಸಂಕಟವಾಗುತ್ತದೆ. ಹಳೆಯದನ್ನು ಹಿಂದೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. 2022ರ ಹೊಸ ನಿಯಮ ತಯಾರಕರ ಹೊಣೆಯನ್ನು ಇನ್ನೂ ಬಿಗಿಗೊಳಿಸಿದೆ. ಹೊಸದು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಬೆಲೆಯಲ್ಲಿ ಇಳಿಸಿದ್ದನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳಿ.

2024ರ ಎಸ್.ಎಸ್.ಎಲ್.ಸಿ.ಯಲ್ಲಿ ನಮ್ಮ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು. ನಮ್ಮ ಹುಡುಗಿಯರು ಓಮನ ನಿಯಮವನ್ನು ಒಂದಕ್ಷರ ತಪ್ಪದೆ ಬರೆದು ಅಂಕ ತರುತ್ತಾರೆ. ಮನೆಯಲ್ಲಿ ಫ್ಯೂಸು ಹೋದರೆ ಮಾತ್ರ ತಮ್ಮನನ್ನು ಕರೆಯುತ್ತಾರೆ. ಅವರ ಕೈಗೆ ಒಂದು ಮೀಟರು ಕೊಡಿ ಎನ್ನುತ್ತೇನೆ ನಾನು. ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ರಂಗೋಲಿಯ ಚುಕ್ಕಿ ಎಣಿಸುವ ಕೈಗೆ ಅದೇನು ಕಷ್ಟ?