ಉರಿಯದ ದೀಪ

ಕಾರಿನ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಾಲು ದೀಪಗಳು ಹೊತ್ತಿಕೊಳ್ಳುತ್ತವಲ್ಲ, ಅದರಲ್ಲಿ ಒಂದು ಚಿತ್ರವನ್ನು ನೀವು ನೋಡಿರಬಹುದು: ಕುಳಿತಿರುವ ಮನುಷ್ಯ, ಅವನ ಎದೆಯ ಮುಂದೆ ಒಂದು ದುಂಡನೆಯ ಉಬ್ಬು. ಅದು ಏರ್‌ಬ್ಯಾಗ್ ದೀಪ. ಕೆಲವು ಸೆಕೆಂಡು ಉರಿದು ಆರಬೇಕು. ಇದು ನನಗೆ ಗೊತ್ತಾದದ್ದು ನಮ್ಮ ಮಾಮು ಅವರ ಕಾರಿನಲ್ಲಿ ಆ ದೀಪ ಉರಿಯುತ್ತಲೇ ಇರಲಿಲ್ಲ ಎಂಬ ಕಾರಣಕ್ಕೆ.

ನಮ್ಮ ಮನೆ ಬ್ಲಫ್‌ನಲ್ಲಿ. ಹೆಸರು ಕೇಳಿ ಗೆಳತಿಯರು ನಗುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೋಸದ ಆಟ ಎಂಬ ಅರ್ಥವಿದೆ. ಕಡಿದಾದ ಬಂಡೆಯ ಅಂಚು ಎಂಬ ಅರ್ಥವೂ ಇದೆ. ನಮ್ಮೂರಿಗೆ ಹೊಂದುವುದು ಎರಡನೆಯದೇ. ಶಿವನಸಮುದ್ರದ ವಿದ್ಯುತ್ ಕೇಂದ್ರ ಇರುವುದು ಇಲ್ಲಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇಲ್ಲಿಂದಲೇ. ನಮ್ಮ ನಾನಾ ಪವರ್‌ಹೌಸ್‌ನಲ್ಲಿ ದುಡಿದು ನಿವೃತ್ತರಾದವರು. ಮಾಮು ಗಗನಚುಕ್ಕಿಗೆ ಬರುವವರಿಗೆ ಚುರುಮುರಿ, ಎಳನೀರು ಮಾರುತ್ತಾರೆ. ಎರಡು ವರ್ಷದ ಹಿಂದೆ ದೂರದ ಊರಿನ ಬ್ರೋಕರ್ ಒಬ್ಬರಿಂದ 2020ರ ಮಾಡೆಲ್ ಕಾರು ಕೊಂಡರು. ನಾನಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು, ಮದುವೆಗೆ ಹೋಗುವುದು ಎಲ್ಲ ಅದರಲ್ಲೇ. ಮಳವಳ್ಳಿ ದಾಟಿ ಮದ್ದೂರಿನ ಹತ್ತಿರ ದೊಡ್ಡ ಹೆದ್ದಾರಿ ಹತ್ತಿದರೆ ನೂರರ ವೇಗಕ್ಕೆ ಮಾಮು ಅವರ ಕಾಲು ತಾನಾಗಿ ಒತ್ತುತ್ತದೆ.

ಒಂದು ದಿನ ಗೆಳತಿಯ ಮನೆಯ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಾಗ ಆ ದೀಪ ಉರಿದು ಆರಿದ್ದನ್ನು ಕಂಡೆ. ಅದೇನೆಂದು ಕೇಳಿ ತಿಳಿದುಕೊಂಡೆ. ಮನೆಗೆ ಬಂದು ಮಾಮು ಕಾರಿನಲ್ಲಿ ನೋಡಿದರೆ ಉಳಿದೆಲ್ಲ ದೀಪಗಳೂ ಉರಿದವು, ಇದೊಂದು ಇಲ್ಲ. ಸ್ಟೀರಿಂಗ್ ನಡುವೆ ಏರ್‌ಬ್ಯಾಗ್ ಎಂದು ಬರೆದಿದೆ, ದೀಪ ಮಾತ್ರ ಇಲ್ಲ. ಮಾಮುಗೆ ಹೇಳಿದೆ. "ದೀಪ ಬರಲಿಲ್ಲ ಅಂದರೆ ತೊಂದರೆ ಇಲ್ಲ ಅಂತ ತಾನೆ?" ಎಂದರು.

ಪೇಪರ್ ಓದುತ್ತಿದ್ದ ನಾನಾ ತಲೆ ಎತ್ತಿದರು. ಪವರ್‌ಹೌಸ್‌ನಲ್ಲಿ ಶಿಫ್ಟಿಗೆ ಹೋದ ಕೂಡಲೇ ಲ್ಯಾಂಪ್ ಟೆಸ್ಟ್ ಗುಂಡಿ ಒತ್ತುತ್ತಿದ್ದರಂತೆ. ಪ್ಯಾನೆಲ್ಲಿನ ಎಚ್ಚರಿಕೆ ದೀಪಗಳೆಲ್ಲ ಒಟ್ಟಿಗೆ ಉರಿಯಬೇಕು. ಒಂದು ಉರಿಯಲಿಲ್ಲ ಎಂದರೆ ಮೊದಲು ಅದನ್ನು ಬದಲಿಸಬೇಕು, ಆಮೇಲೆ ಬೇರೆ ಮಾತು. "ಉರಿಯುವ ದೀಪ ತೊಂದರೆ ಇದೆ ಅನ್ನುತ್ತೆ. ಉರಿಯದ ದೀಪ ಏನನ್ನೂ ಹೇಳೋದಿಲ್ಲ" ಎಂದರು ನಾನಾ.

ಕಾರೂ ಮಾಡುವುದು ಇದನ್ನೇ. ಸೀಟುಗಳ ನಡುವೆ, ಗೇರಿನ ಸುತ್ತಮುತ್ತ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ಏರ್‌ಬ್ಯಾಗಿನ ಮೆದುಳು. ಕೀ ತಿರುಗಿಸಿದ ಕೂಡಲೇ ಪ್ರತಿ ಏರ್‌ಬ್ಯಾಗಿನ ಕಿಡಿ ಹೊತ್ತಿಸುವ ಭಾಗದ ಮೂಲಕ ಅತಿ ಸಣ್ಣ ಕರೆಂಟು ಹರಿಸಿ ರೋಧ ಅಳೆಯುತ್ತದೆ. ಸಾಮಾನ್ಯವಾಗಿ ಅದು ಎರಡು ಓಮ್‌ನ ಆಸುಪಾಸು. ಎಷ್ಟೋ ಹೆಚ್ಚಾಗಿದ್ದರೆ ತಂತಿ ಎಲ್ಲೋ ಕಡಿದಿದೆ, ತೀರಾ ಕಡಿಮೆ ಇದ್ದರೆ ಶಾರ್ಟ್ ಆಗಿದೆ. ಸೆನ್ಸರ್, ಬೆಲ್ಟನ್ನು ಬಿಗಿಯುವ ಸಾಧನ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ದೀಪ ಆರುತ್ತದೆ. ತಪ್ಪು ಕಂಡರೆ ಒಂದು ಕೋಡ್ ಬರೆದಿಟ್ಟುಕೊಂಡು ದೀಪವನ್ನು ಆರಿಸುವುದೇ ಇಲ್ಲ. ಆಗ ಎಷ್ಟೋ ಕಾರುಗಳಲ್ಲಿ ಡಿಕ್ಕಿಯಾದರೂ ಬ್ಯಾಗ್ ಬಿಚ್ಚದೇ ಇರಬಹುದು. ಬ್ಯಾಟರಿಯೇ ನಜ್ಜುಗುಜ್ಜಾದರೂ ಕೆಲಸ ನಡೆಯಲೆಂದು ಆ ಪೆಟ್ಟಿಗೆಯೊಳಗೆ ಕೆಪಾಸಿಟರ್‌ನಲ್ಲಿ ಸ್ವಲ್ಪ ಶಕ್ತಿ ಕೂಡಿಟ್ಟಿರುತ್ತದೆ. ಹಾಗಾಗಿಯೇ ಮೆಕ್ಯಾನಿಕ್‌ಗಳು ಬ್ಯಾಟರಿ ತಂತಿ ಬಿಚ್ಚಿ ಕೆಲವು ನಿಮಿಷ ಕಾದು ನಂತರ ಕೈ ಹಾಕುವುದು. ಏರ್‌ಬ್ಯಾಗಿನ ಕನೆಕ್ಟರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಹಳದಿ ಕಂಡರೆ ಮಲ್ಟಿಮೀಟರ್ ಇಡಬೇಡಿ. ಅದು ಹರಿಸುವ ಕರೆಂಟಿಗೇ ಕಿಡಿ ಹೊತ್ತಿಕೊಂಡರೆ ಮುಖದ ಮೇಲೆ ಸಿಡಿಯುತ್ತದೆ. ನನ್ನ ತಮ್ಮ ಮೀಟರ್ ಹಿಡಿದುಕೊಂಡು ಕಾರಿನೊಳಗೆ ಹೊರಟಿದ್ದ, ಅದಕ್ಕೆ ಹೇಳಿದೆ.

ಡಿಕ್ಕಿಯಾದಾಗ ನಡೆಯುವುದನ್ನು ನಾವು ಮೊದಲ ಪಿಯುಸಿಯಲ್ಲೇ ಓದಿದ್ದೇವೆ. ಕ್ಯಾಚ್ ಹಿಡಿಯುವ ಆಟಗಾರ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಉದಾಹರಣೆ ನೆನಪಿದೆಯೇ? ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. 50 ಕೆ.ಜಿ. ತೂಕದ ನಾನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಂತರೆ ನನ್ನ ಮೇಲೆ ಬೀಳುವ ಬಲ 75,000 ನ್ಯೂಟನ್. ಹತ್ತನೇ ಒಂದು ಭಾಗದಲ್ಲಿ ನಿಂತರೆ 7,500. ಬೆಲ್ಟು ಮತ್ತು ಏರ್‌ಬ್ಯಾಗ್ ಸೇರಿ ನಮಗೆ ಕೊಡಿಸುವುದು ಈ ವ್ಯತ್ಯಾಸವನ್ನೇ. ಡಿಕ್ಕಿ ಗಂಭೀರವೋ, ಬರೀ ಗುಂಡಿಗೆ ಇಳಿದದ್ದೋ ಎಂದು ಆ ಪೆಟ್ಟಿಗೆ ತೀರ್ಮಾನಿಸಿ ಬ್ಯಾಗ್ ತುಂಬಿಸುವಷ್ಟರಲ್ಲಿ ಕಳೆಯುವ ಸಮಯ ಒಂದು ಸಲ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ತುಂಬುವ ಗಾಳಿ ಪಂಪಿನದಲ್ಲ, ರಾಸಾಯನಿಕ ಕ್ರಿಯೆಯದು. ಹಿಂದೆ ಸೋಡಿಯಂ ಅಜೈಡ್ ಬಳಸುತ್ತಿದ್ದರು. ಮೋಲ್ ಲೆಕ್ಕ ಮಾಡಿ ನೋಡಿ: 130 ಗ್ರಾಂ ಅಜೈಡ್ ಒಡೆದರೆ 67.2 ಲೀಟರ್ ಸಾರಜನಕ. ಅದು ವಿಷವೆಂಬ ಕಾರಣಕ್ಕೆ ಈಗ ಬೇರೆ ಸಂಯುಕ್ತಗಳು ಬಂದಿವೆ. ತುಂಬಿದ ಬ್ಯಾಗ್ ಹಿಂದಿನ ತೂತುಗಳಿಂದ ಕೂಡಲೇ ಕುಗ್ಗುತ್ತದೆ. ಇಷ್ಟು ವೇಗದಲ್ಲಿ ಬಿಚ್ಚುವ ವಸ್ತುವಿನ ಎದುರು ಬೆಲ್ಟಿಲ್ಲದೆ ಕೂರುವುದು, ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು, ಡ್ಯಾಶ್‌ಬೋರ್ಡಿನ ಮೇಲೆ ಅತ್ತರಿನ ಬಾಟಲಿ ಅಂಟಿಸುವುದು ಎಲ್ಲವೂ ಅಪಾಯ.

ಮಾಮು ಕಾರಿನ ವಿಷಯಕ್ಕೆ ಬರುತ್ತೇನೆ. ತಮ್ಮ ಆನ್‌ಲೈನ್‌ನಲ್ಲಿ ಅಗ್ಗದ ಬ್ಲೂಟೂತ್ ಸಾಧನ ತರಿಸಿ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದ. ಮೊಬೈಲ್‌ನಲ್ಲಿ 'ದೋಷವಿಲ್ಲ' ಎಂದು ಬಂತು. ಮಾಮು ಖುಷಿಯಾದರು. ಅಂಥ ಅಗ್ಗದ ಸಾಧನಗಳಲ್ಲಿ ಹೆಚ್ಚಿನವು ಇಂಜಿನ್ನಿನ ಕೋಡ್ ಮಾತ್ರ ಓದುತ್ತವೆ, ಏರ್‌ಬ್ಯಾಗಿನ ಪೆಟ್ಟಿಗೆಯ ಜೊತೆ ಮಾತಾಡುವುದೇ ಇಲ್ಲ ಎಂದು ತಿಳಿದದ್ದು ಮಂಡ್ಯದ ಒಂದು ಗ್ಯಾರೇಜಿಗೆ ಹೋದ ಮೇಲೆ. ಅಲ್ಲಿನ ಮೆಕ್ಯಾನಿಕ್ ತಮ್ಮ ಸ್ಕ್ಯಾನರ್ ಹಾಕಿದರು. ಎಡಕ್ಕೂ ಬಲಕ್ಕೂ ಏರ್‌ಬ್ಯಾಗ್ ಸರ್ಕ್ಯೂಟ್ ಕಡಿದಿದೆ ಎಂಬ ಕೋಡ್. ಜೊತೆಗೆ, ಡಿಕ್ಕಿಯ ದಾಖಲೆ ಉಳಿದಿದೆ ಎಂದೂ ಇತ್ತು.

"ಈ ಗಾಡಿ ಎಲ್ಲೋ ಒಂದ್ಸಲ ಜೋರಾಗಿ ಗುದ್ದೈತೆ ಕಣವ್ವ" ಎಂದರು. ಬ್ಯಾಟರಿ ಬಿಚ್ಚಿ, ಟೀ ಕುಡಿದು ಬಂದು, ಸ್ಟೀರಿಂಗಿನ ಮುಚ್ಚಳ ತೆಗೆದರು. ಒಳಗೆ ಏನೂ ಇರಲಿಲ್ಲ. ಬರೀ ಮುಚ್ಚಳ. ಎಡಗಡೆ ಡ್ಯಾಶ್‌ಬೋರ್ಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಅಂಟಿನ ಗೆರೆ ಇತ್ತು. ಎರಡು ವರ್ಷ ಅದರ ಮುಂದೆಯೇ ಕುಳಿತಿದ್ದ ನಮಗೆ ಯಾರಿಗೂ ಕಂಡಿರಲಿಲ್ಲ. ದೀಪವನ್ನು ಮೀಟರಿನ ಒಳಗಿಂದ ಕಿತ್ತಿದ್ದರು. "ಇವ್ರು ಪಾಪದೋರು, ದೀಪ ಕಿತ್ತವ್ರೆ. ಇನ್ನೂ ಬುದ್ಧಿವಂತ್ರು ಬ್ಯಾಗ್ ಇರೋ ಜಾಗಕ್ಕೆ ಒಂದು ರೆಸಿಸ್ಟರ್ ಹಾಕ್ತಾರೆ. ಪೆಟ್ಟಿಗೆ ಎರಡು ಓಮ್ ಐತೆ ಅನ್ಕಂಡು ದೀಪ ಆರಿಸ್ಬುಡ್ತದೆ" ಎಂದರು ಮೆಕ್ಯಾನಿಕ್. ಲ್ಯಾಬಿನಲ್ಲಿ ನಾವು ಒಂದೆರಡು ರೂಪಾಯಿಯದೆಂದು ಎಸೆದಾಡುವ ರೆಸಿಸ್ಟರ್! ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆ ಮಾತಿಗೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಬೇಕು. ಏರ್‌ಬ್ಯಾಗ್ ಇಲ್ಲದ ಕಾರು ಓಡಿಸುವುದು ಅಪರಾಧವೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಿಂದ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲಿ ಅದು ಇಲ್ಲವೇ ಇಲ್ಲ, ಆ ಕಾರುಗಳ ಮಾಲೀಕರಿಗೆ ಅದು ಗೊತ್ತು. ಗೊತ್ತಿದ್ದವರು ನಿಧಾನ ಓಡಿಸಬಹುದು, ಬೆಲ್ಟು ತಪ್ಪಿಸದೆ ಇರಬಹುದು. ಮಾಮುಗೆ ಆ ಅವಕಾಶವನ್ನೇ ಕೊಡಲಿಲ್ಲ. ಇದೆ ಎಂದು ನಂಬಿ ನೂರರಲ್ಲಿ ಹೋದರು. ಕಿತ್ತುಕೊಂಡದ್ದು ಬ್ಯಾಗನ್ನಷ್ಟೇ ಅಲ್ಲ, ಎಚ್ಚರಿಕೆಯನ್ನೂ.

ದೊಡ್ಡ ಕಂಪನಿಗಳೂ ಮುಚ್ಚಿಟ್ಟಿವೆ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗಿನಲ್ಲಿದ್ದ ಅಮೋನಿಯಂ ನೈಟ್ರೇಟ್ ಸೆಕೆ, ತೇವಕ್ಕೆ ಕೆಟ್ಟು, ಲೋಹದ ಡಬ್ಬವೇ ಸಿಡಿದು ಹಲವರು ಸತ್ತರು. ಪರೀಕ್ಷೆಯ ವರದಿಗಳನ್ನು ತಿದ್ದಿದ್ದನ್ನು 2017ರಲ್ಲಿ ಆ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ದಿವಾಳಿಯಾಯಿತು. ಆದರೆ ಅಲ್ಲಿ ಕೊನೆಗೆ ಕಾರುಗಳ ನಂಬರಿನ ಪಟ್ಟಿ ಹೊರಬಂತು, ಜನರನ್ನು ಕರೆದು ಉಚಿತವಾಗಿ ಬದಲಿಸಿಕೊಟ್ಟರು. ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಯಾವ ಪಟ್ಟಿಯೂ ಇಲ್ಲ. ಮಾಲೀಕತ್ವ ಬದಲಾಗುವಾಗ ಆರ್‌ಟಿಒಗೆ ಕೊಡುವ 29, 30ನೇ ಫಾರಂಗಳಲ್ಲಿ ಏರ್‌ಬ್ಯಾಗ್ ಬಗ್ಗೆ ಒಂದು ಕಾಲಂ ಇಲ್ಲ. ಇರಬೇಕು ಎಂಬುದು ನನ್ನ ವಾದ. ಮಾರುವವರು 'ಏರ್‌ಬ್ಯಾಗ್ ಇದೆ, ಒಮ್ಮೆಯೂ ಬಿಚ್ಚಿಲ್ಲ' ಅಥವಾ 'ಬಿಚ್ಚಿದೆ, ಬದಲಿಸಿದೆ, ಬಿಲ್ ಇಲ್ಲಿದೆ' ಎಂದು ಸಹಿ ಹಾಕಲಿ. ಸ್ಕ್ಯಾನರ್ ವರದಿಯನ್ನೂ ಲಗತ್ತಿಸಲಿ. ರೆಸಿಸ್ಟರ್ ಹಾಕಿದವರು ಅದನ್ನೂ ದಾಟಬಹುದು, ನಿಜ. ಆದರೆ ಸುಳ್ಳಿಗೆ ಸಹಿ ಹಾಕಿದವರ ಹೆಸರು ಆಗ ಕಾಗದದಲ್ಲಿ ಇರುತ್ತದೆ.

ಅಲ್ಲಿಯವರೆಗೆ ಕೊಳ್ಳುವವರು ವಿಮೆಯ ಹಳೆಯ ಕ್ಲೇಮುಗಳನ್ನು ಕೇಳಿ ನೋಡಬೇಕು. ನಮ್ಮ ಕಾಲೇಜಿನ ಆವರಣದಲ್ಲಿ ನಿಲ್ಲುವ ಕಾರುಗಳಲ್ಲಿ ಸೆಕೆಂಡ್‌ಹ್ಯಾಂಡ್ ಎಷ್ಟೋ ಇರಬಹುದು. ಉಪನ್ಯಾಸಕರಲ್ಲಿ ಒಂದು ವಿನಂತಿ: ನಾಳೆ ಬೆಳಿಗ್ಗೆ ಕೀ ತಿರುಗಿಸಿದಾಗ ಇಂಜಿನ್ ಹೊತ್ತಿಸುವ ಮೊದಲು ಆರೇಳು ಸೆಕೆಂಡು ಸುಮ್ಮನೆ ನೋಡಿ. ಅಷ್ಟರಲ್ಲಿ ಫಸ್ಟ್ ಬೆಲ್ ಹೊಡೆದುಬಿಡುವುದಿಲ್ಲ.

ಸರಿಮಾಡಿಸಲು ಎರಡು ಬ್ಯಾಗು, ಪೆಟ್ಟಿಗೆ, ಬೆಲ್ಟು, ಡ್ಯಾಶ್‌ಬೋರ್ಡು ಎಲ್ಲ ಸೇರಿ ಲಕ್ಷದ ಹತ್ತಿರ ಲೆಕ್ಕ ಬಂತು. ಕಡಿಮೆಗೆ ಸಿಗುವ ಮಾಲೂ ಇದೆಯಂತೆ. 2024ರಲ್ಲಿ ದೆಹಲಿ ಪೊಲೀಸರು ನೂರಾರು ನಕಲಿ ಏರ್‌ಬ್ಯಾಗ್ ಹಿಡಿದ ಸುದ್ದಿಯನ್ನು ಮೊಬೈಲ್‌ನಲ್ಲಿ ತೋರಿಸಿದ ಮೇಲೆ ಮಾಮು ಆ ಮಾತು ಬಿಟ್ಟರು. ಬದಲಿಗೆ, "ನನಗೆ ಹೇಗೆ ಕೊಟ್ಟರೋ ಹಾಗೇ ನಾನೂ ಮಾರಿಬಿಡುತ್ತೇನೆ. ನಷ್ಟ ನಾನೊಬ್ಬನೇ ಯಾಕೆ ಹೊರಬೇಕು?" ಎಂದರು. ಆ ರಾತ್ರಿ ಮನೆಯಲ್ಲಿ ಜಗಳ. ಅವರದು ಅನ್ಯಾಯದ ಮಾತೆಂದು ನನಗನ್ನಿಸಿದರೂ ಅವರ ಎರಡು ವರ್ಷದ ದುಡಿಮೆ ಅದರಲ್ಲಿತ್ತು. ನಾನು ಸಂಪಾದಿಸುವವಳಲ್ಲ, ವಾದ ಮಾಡುವುದು ಸುಲಭ.

ಜಗಳ ನಿಲ್ಲಿಸಿದ್ದು ನಾನಿ. ಏರ್‌ಬ್ಯಾಗ್ ಎಂದರೇನೆಂದು ಅವರಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಅವರ ತವರಿನವರು ದನದ ವ್ಯಾಪಾರ ಮಾಡಿದವರು. ಐಬ್ ಇರುವ ಎತ್ತನ್ನು ಐಬ್ ಹೇಳಿಯೇ ಮಾರಬೇಕು, ಹೇಳದೆ ಮಾರಿದ ಹಣ ಮನೆಗೆ ಬೇಡ ಎಂದರು. ಕುಂಟುವ ಎತ್ತು ನಡೆದು ತೋರಿಸಿದರೆ ಗೊತ್ತಾಗುತ್ತದೆ, ಇದು ಗೊತ್ತಾಗುವುದು ಗುದ್ದಿದಾಗ ಮಾತ್ರ ಎಂದು ನಾನಾ ಸೇರಿಸಿದರು.

ಮಾಮುಗೆ ಕನ್ನಡ ಬರೆಯುವುದು ಕಷ್ಟ. 'ಎರಡೂ ಏರ್‌ಬ್ಯಾಗ್ ಇಲ್ಲ, ಎಚ್ಚರಿಕೆ ದೀಪ ಕಿತ್ತಿದೆ' ಎಂದು ಕಾಗದದ ಮೇಲೆ ನಾನೇ ಬರೆದುಕೊಟ್ಟೆ. ಮೊದಲು ನೋಡಲು ಬಂದವರು ಅದನ್ನು ಓದಿ, ಕಾರಿನ ಬಾಗಿಲನ್ನೂ ತೆಗೆಯದೆ ಹೋದರು. ಇನ್ನೊಬ್ಬರು ಈ ಭಾನುವಾರ ಮಳವಳ್ಳಿಯಿಂದ ಬರುತ್ತಾರಂತೆ. ಅಲ್ಲಿಯವರೆಗೆ ಮಾಮು ಅಂಗಡಿಗೆ ಸ್ಕೂಟರ್‌ನಲ್ಲಿ ಹೋಗುತ್ತಿದ್ದಾರೆ, ಹೆಲ್ಮೆಟ್ ಹಾಕಿಕೊಂಡು.